ಮಗಳ ಲಗ್ನಪತ್ರಿಕೆಯಲ್ಲಿ ‘ಮುಯ್ಯಿ ಬೇಡ’ ಎಂದು ಅಚ್ಚು ಹಾಕಿಸಬಹುದೇ?

ಅರಸೀಕೆರೆ ಮೇಷ್ಟರು ಕೇಳಿದ್ದಾರೆ:

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಪ್ರಶ್ನೆ ಆಮೇಲೆ. ಹೋದ ಭಾನುವಾರ ನನ್ನ ಒಬ್ಬಳೇ ಮಗಳ ನಿಶ್ಚಿತಾರ್ಥ ನಮ್ಮ ಮನೆಯ ತಾರಸಿಯ ಮೇಲೆ ಆಯಿತು. ಬೀಗರು ಹುಬ್ಬಳ್ಳಿಯವರು. ಇಪ್ಪತ್ತೆರಡು ಜನ ರಾತ್ರಿ ರೈಲು ಹತ್ತಿ ನಸುಕಿನಲ್ಲಿ ಅರಸೀಕೆರೆಯಲ್ಲಿ ಇಳಿದರು. ಕರೆತರಲು ನಾನೇ ಹೋಗಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಣಿಸಿದೆ; ಮೂವತ್ತನಾಲ್ಕು ವರ್ಷ ಗಣಿತ ಪಾಠ ಮಾಡಿದವನಿಗೆ ಎಣಿಸದೆ ಇರಲಾಗುವುದಿಲ್ಲ. ಇಪ್ಪತ್ತೊಂದೇ ಬಂತು. ಎದೆ ಧಸಕ್ಕೆಂದಿತು. ನೋಡಿದರೆ ಹುಡುಗನ ಅಜ್ಜ ಎಲ್ಲರಿಗಿಂತ ಮೊದಲೇ ಇಳಿದು ಚಹಾದ ಅಂಗಡಿಯ ಮುಂದೆ ಬಟ್ಟಲು ಹಿಡಿದು ನಿಂತಿದ್ದರು.

ಶಾಸ್ತ್ರದ ಹೊತ್ತಿಗೆ ಎರಡು ಸೀಮೆಯ ಕನ್ನಡವೂ ಬೆರೆಯಿತು. ನಾವು ಮಡಿಲಕ್ಕಿ ಎಂದದ್ದನ್ನು ಅವರು ಉಡಿ ಎಂದರು. ನಾವು ಒಬ್ಬಟ್ಟು ಎಂದು ಬಡಿಸಿದ್ದನ್ನು ಅವರು ಹೋಳಿಗೆ ಎಂದು ತಿಂದರು. ಬೀಗಿತ್ತಿ ತಂದದ್ದು ಹಸಿರು ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆ. ನಮ್ಮ ಕಡೆಯ ಹೆಂಗಸರು ಆ ಸೆರಗನ್ನು ಹಿಡಿದು ನೋಡಿದ್ದೇ ನೋಡಿದ್ದು. ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳುವಾಗ ನನ್ನ ಕೈ ನಡುಗಿತು. ತಲೆ ಎತ್ತಿ ನೋಡಿದರೆ ಬೀಗರ ಕೈಯೂ ನಡುಗುತ್ತಿತ್ತು. ಎರಡು ತಟ್ಟೆಯ ಅಡಿಕೆಗಳೂ ಉರುಳಿ ಜಮಖಾನದ ಮೇಲೆ ಒಂದಾದವು. ಪುರೋಹಿತರು, “ಯಾವುದು ಯಾರದ್ದೆಂದು ಇನ್ನು ಹುಡುಕಬೇಡಿ, ಹಾಗೇ ತುಂಬಿ” ಎಂದರು. ಮಗಳು ಜೋರಾಗಿ ನಕ್ಕಳು. ನಿಶ್ಚಿತಾರ್ಥದ ಹೆಣ್ಣು ಹಾಗೆ ನಗಬಾರದು ಎಂದು ನನ್ನ ಅತ್ತೆ ಗದರುವಷ್ಟರಲ್ಲಿ ಹುಡುಗನ ಅಜ್ಜ ಅವಳಿಗಿಂತ ಜೋರಾಗಿ ನಕ್ಕದ್ದರಿಂದ ಗದರಿಕೆ ಅಲ್ಲಿಗೇ ನಿಂತಿತು. ಹೊರಡುವಾಗ ತಲೆಗೆ ಎರಡೆರಡು ತೆಂಗಿನಕಾಯಿ ಕೊಟ್ಟೆವು. ನಮ್ಮ ಸೀಮೆಯಲ್ಲಿ ಅದಕ್ಕೇನು ಬರ? ನಲವತ್ತನಾಲ್ಕು ಕಾಯಿಯನ್ನು ರೈಲಿನಲ್ಲಿ ಹೊತ್ತವರ ಕಷ್ಟ ನನಗೆ ಹೊಳೆದದ್ದು ರೈಲು ಹೊರಟ ಮೇಲೆ.

ಈಗ ಪ್ರಶ್ನೆ. ಮದುವೆ ಮಾಘದಲ್ಲಿ. ಮಗಳು ಬೆಂಗಳೂರಿನಿಂದ ಲಗ್ನಪತ್ರಿಕೆಯ ಕರಡು ಕಳುಹಿಸಿದ್ದಾಳೆ. ಕೊನೆಯ ಸಾಲು ‘ಆಶೀರ್ವಾದವೇ ಉಡುಗೊರೆ’. ಅಷ್ಟು ಸಾಲದೆಂದು ಅದರ ಕೆಳಗೆ ‘ದಯವಿಟ್ಟು ಮುಯ್ಯಿ ತರಬೇಡಿ’. ಅದನ್ನು ಓದಿದಾಗಿನಿಂದ ನನ್ನ ಹೆಂಡತಿ ನಮ್ಮಿಬ್ಬರೊಡನೆಯೂ ಅರ್ಧ ಮಾತು ಬಿಟ್ಟಿದ್ದಾಳೆ. “ಇಪ್ಪತ್ತೊಂಬತ್ತು ವರ್ಷ ಊರವರ ಮದುವೆಗೆಲ್ಲ ಮುಯ್ಯಿ ಮಾಡಿ ಬಂದಿದ್ದೇವೆ. ಅದು ಹಿಂದಕ್ಕೆ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೂ ಹಿಂದಿರುಗಿಸುವ ಆಸೆ ಇರುತ್ತದೆ. ಬರಬೇಡಿ ಎಂದಷ್ಟೇ ಆಯಿತು ಇದು” ಎಂಬುದು ಅವಳ ವಾದ. ಹಿಂದಕ್ಕೆ ಬರಲಿ ಎಂಬುದೂ ಸ್ವಲ್ಪ ಇದೆ ಎಂದು ನನ್ನ ಗುಮಾನಿ. ಅದನ್ನು ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

ಮಗಳ ಮಾತಿನಲ್ಲೂ ಹುರುಳಿದೆ. ನಮ್ಮ ತೋಟಕ್ಕೆ ಕೂಲಿಗೆ ಬರುವವರೊಬ್ಬರು ಹೋದ ವೈಶಾಖದಲ್ಲಿ ಏಳು ಮದುವೆಯ ಮುಯ್ಯಿಗೆಂದು ಸಾಲ ಮಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. “ಅವರು ನನ್ನ ಮದುವೆಗೆ ಎಂಟನೆಯ ಸಾಲ ಮಾಡಬೇಕೇ ಅಪ್ಪಾ?” ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ.

ನಾನೂ ಒಪ್ಪಿಬಿಡುತ್ತಿದ್ದೆನೇನೋ. ಆದರೆ ನಿಶ್ಚಿತಾರ್ಥಕ್ಕೆ ಬೆಳ್ಳಿಯ ತಟ್ಟೆ ಹುಡುಕಲು ಅಟ್ಟದ ಟ್ರಂಕು ತೆಗೆದಾಗ ಅಪ್ಪನ ಮುಯ್ಯಿ ಪುಸ್ತಕ ಸಿಕ್ಕಿತು. 1974ರಲ್ಲಿ ನಡೆದ ನನ್ನ ಅಕ್ಕನ ಮದುವೆಯದು. ಅಕ್ಷರ ನನ್ನದೇ! ನನಗಾಗ ಹನ್ನೆರಡು ವರ್ಷ. ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ಊರಿನ ಮದುವೆಗಳಲ್ಲೆಲ್ಲ ಮುಯ್ಯಿ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಚಪ್ಪರದಡಿಯಲ್ಲಿ ಚಾಪೆ ಹಾಸಿ ಕೂರಿಸುತ್ತಿದ್ದರು. ದೊಡ್ಡವರೊಬ್ಬರು ಹಣ ಇಸಿದುಕೊಂಡು, “ಮೂಲೆಮನೆಯವರಿಂದ ಹುಡುಗಿಗೆ ಎರಡು ರೂಪಾಯಿ” ಎಂದು ಊರಿಗೆಲ್ಲ ಕೇಳುವಂತೆ ಕೂಗುವುದು, ನಾನು ಬರೆಯುವುದು. ಹನ್ನೊಂದು ರೂಪಾಯಿ ಬಂದರೆ ಕೂಗುವವರ ದನಿಯೇ ಬೇರೆಯಾಗುತ್ತಿತ್ತು. ಎಲ್ಲ ಮುಗಿದು ನಾನು ಎಲೆಯ ಮುಂದೆ ಕೂರುವ ಹೊತ್ತಿಗೆ ಪಾಯಸ ತಳ ಕಂಡಿರುತ್ತಿತ್ತು. ಆ ಸಿಟ್ಟು ಇನ್ನೂ ಇದೆ.

ಪುಸ್ತಕದಲ್ಲಿ ದುಡ್ಡಿಗಿಂತ ದವಸವೇ ಹೆಚ್ಚು. ಎರಡು ಸೇರು ಅಕ್ಕಿ. ಒಂದು ಅಚ್ಚು ಬೆಲ್ಲ. ಇಪ್ಪತ್ತೈದು ತೆಂಗಿನಕಾಯಿ. ಅರ್ಧ ಗಾಡಿ ಸೌದೆ. ಒಂದು ಕಡೆ ‘ಎರಡು ದಿನಕ್ಕೆ ಹಂಡೆ, ಒಬ್ಬ ಆಳು’ ಎಂದಿದೆ. ಅಂಚಿನಲ್ಲಿ ಅಪ್ಪನ ಕೈಯ ಕೆಂಪು ಶಾಯಿಯ ‘ತೀ’. ತೀರಿತು ಎಂದರ್ಥ. ಆ ಮನೆಯಲ್ಲಿ ಮುಂದೆ ಮದುವೆಯಾದಾಗ ನಾವು ಹಿಂದಿರುಗಿಸಿದ್ದೇವೆ ಎಂಬ ಗುರುತು. ಒಟ್ಟು 143 ಹೆಸರು. 140ಕ್ಕೆ ‘ತೀ’ ಇದೆ. ಮೂರಕ್ಕೆ ಇಲ್ಲ.

ಉಪದೇಶ ಬೇಡ. ನಿಮ್ಮ ಮನೆಯ ಮದುವೆಯಲ್ಲಿ ಏನು ಮಾಡಿದಿರಿ, ಆಮೇಲೆ ಏನಾಯಿತು ಎಂಬುದನ್ನಷ್ಟೇ ಹೇಳಿ.

ಧಾರವಾಡದ ಅಕ್ಕ ಉತ್ತರಿಸಿದ್ದಾರೆ:

ಮೇಷ್ಟರೇ, ಮಗಳಿಗೆ ನನ್ನ ಆಶೀರ್ವಾದ ತಿಳಿಸಿ. ನಮ್ಮ ಕಡೆಯ ಹುಡುಗನಿಗೆ ಹೆಣ್ಣು ಕೊಡುತ್ತಿದ್ದೀರಿ, ಆದ್ದರಿಂದ ನಾನೂ ಅರ್ಧ ಬೀಗಿತ್ತಿ. ಸಲುಗೆಯಿಂದ ಬರೆಯುತ್ತೇನೆ.

ನೀವು ಮುಯ್ಯಿ ಎನ್ನುವುದನ್ನು ನಾವು ಆಯೇರಿ ಎನ್ನುತ್ತೇವೆ. ನಮ್ಮಲ್ಲಿ ದುಡ್ಡಿಗಿಂತ ಬಟ್ಟೆ ಜಾಸ್ತಿ. 1998ರಲ್ಲಿ ನನ್ನ ಮದುವೆಗೆ ಅರವತ್ತೊಂದು ಕುಪ್ಪಸದ ಖಣ ಬಂದಿದ್ದವು, ಟವೆಲ್ಲುಗಳನ್ನು ಎಣಿಸಲೇ ಇಲ್ಲ. ಅದರಲ್ಲಿ ಒಂದು ಗುಳೇದಗುಡ್ಡದ ಖಣದ ಮೂಲೆಯಲ್ಲಿ ಸಣ್ಣ ಶಾಯಿಯ ಕಲೆ ಇತ್ತು. ಅದನ್ನು ಯಾರದೋ ಮದುವೆಯಲ್ಲಿ ಆಯೇರಿ ಮಾಡಿ ಕೈ ತೊಳೆದುಕೊಂಡೆ. ನಾಲ್ಕು ವರ್ಷದ ಮೇಲೆ ನನ್ನ ಮೈದುನನ ಮನೆಯ ವಾಸ್ತುಶಾಂತಿಯಲ್ಲಿ ಅದೇ ಖಣ, ಅದೇ ಕಲೆ, ನನ್ನ ಉಡಿಗೇ ಬಂದು ಬಿತ್ತು! ಎಷ್ಟು ಮನೆ ಸುತ್ತಿ ಬಂದಿತ್ತೋ ಪಾಪ. ಈಗ ಅದನ್ನು ಹೊಲಿಸಿಕೊಂಡು ತೊಡುತ್ತೇನೆ.

ಮಗನ ಮದುವೆಯಲ್ಲಿ ‘ಬಟ್ಟೆಯ ಆಯೇರಿ ಬೇಡ’ ಎಂದು ಧೈರ್ಯವಾಗಿ ಹಾಕಿಸಿದೆವು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಬಹಳ ಜನಕ್ಕೆ ಹಾಯೆನಿಸಿತು. ಆದರೆ ಒಂದು ಮಾತು. ಸೋದರಮಾವನ ಆಯೇರಿ ಬೇಡ ಎನ್ನಬೇಡಿ. ನಿಮ್ಮ ಬೀಗರ ಮನೆಯಲ್ಲೂ ಒಬ್ಬ ಸೋದರಮಾವ ಇದ್ದೇ ಇರುತ್ತಾನೆ. ಅವನು ಸಿಟ್ಟಾದರೆ ಮೊಮ್ಮಕ್ಕಳ ಜವಳದವರೆಗೂ ಸಿಟ್ಟಾಗಿಯೇ ಇರುತ್ತಾನೆ. ಪತ್ರಿಕೆ ಎರಡೂ ಮನೆಯದು, ಅವರನ್ನು ಕೇಳಿಯೇ ಅಚ್ಚಿಗೆ ಕೊಡಿ.

ಮಂಡ್ಯದಿಂದ ಒಬ್ಬ ಉತ್ತರಿಸಿದ್ದಾರೆ:

ನಾವು ಹಾಕಿಸಿದೆವು. ಜನ ತಂದೇ ತಂದರು. ಪತ್ರಿಕೆಯಲ್ಲಿ ಬರೆದ ಮೇಲೆ ಮಾತಿಗೆ ನಿಲ್ಲಬೇಕೆಂದು ಬಾಗಿಲಿನಲ್ಲಿ ನಿಂತು ಒಂದೊಂದೇ ಲಕೋಟೆ ಹಿಂದಿರುಗಿಸಿದೆ. ನನ್ನ ದೊಡ್ಡಪ್ಪ ಲಕೋಟೆಯನ್ನು ಜೇಬಿಗಿಟ್ಟುಕೊಂಡು, “ನಿನ್ನ ಅಪ್ಪ ಇದ್ದಿದ್ದರೆ ತೆಗೆದುಕೊಳ್ಳುತ್ತಿದ್ದ” ಎಂದು ಹೇಳಿ ಊಟ ಮಾಡದೆ ಹೊರಟರು. ಎರಡು ವರ್ಷವಾಯಿತು. ಹಬ್ಬಕ್ಕೆ ಹೋದರೂ ಮುಖ ಕೊಟ್ಟು ಮಾತನಾಡುವುದಿಲ್ಲ.

ತುಮಕೂರಿನ ನಿವೃತ್ತ ಗುಮಾಸ್ತ ಉತ್ತರಿಸಿದ್ದಾರೆ:

ಬೇಕು, ಬೇಡ ನಿಮ್ಮ ಮನೆಯ ವಿಷಯ. ತೆಗೆದುಕೊಂಡರೆ ಬರೆದಿಡುವುದನ್ನು ಮಾತ್ರ ಬಿಡಬೇಡಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ 1985ರಲ್ಲಿ ಉಡುಗೊರೆ ಪಟ್ಟಿಯ ನಿಯಮಗಳು ಬಂದವು. ಹುಡುಗಿಗೆ ಬಂದದ್ದರ ಪಟ್ಟಿ ಹುಡುಗಿಯ ಬಳಿ, ಹುಡುಗನಿಗೆ ಬಂದದ್ದು ಹುಡುಗನ ಬಳಿ ಇರಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಏನಾಗಬೇಕು ಎಂಬುದು, ಕೆಳಗೆ ಗಂಡುಹೆಣ್ಣು ಇಬ್ಬರ ಸಹಿ. ನಿಮ್ಮ ತಂದೆಯವರ ಪುಸ್ತಕಕ್ಕೂ ಇದಕ್ಕೂ ಸಹಿ, ಬೆಲೆಗಳಷ್ಟೇ ವ್ಯತ್ಯಾಸ. ಪಟ್ಟಿ ಬರೆದಿಟ್ಟ ಮದುವೆಯನ್ನು ನಾನಂತೂ ನನ್ನ ಮನೆಯದು ಬಿಟ್ಟರೆ ಇನ್ನೊಂದು ನೋಡಿಲ್ಲ.

ಇನ್ನೊಂದು. ಮದುವೆಯ ಸಂದರ್ಭದಲ್ಲಿ ವಧುವರರಿಗೆ ಬಂದ ಉಡುಗೊರೆಗೆ, ಕೊಟ್ಟವರು ನೆಂಟರಲ್ಲದಿದ್ದರೂ, ಆದಾಯ ತೆರಿಗೆ ಇಲ್ಲ. ಆ ವಿನಾಯಿತಿ ತಂದೆತಾಯಿಗೆ ಅನ್ವಯಿಸುವುದಿಲ್ಲ. ನೆಂಟರಲ್ಲದವರಿಂದ ನಿಮ್ಮ ಹೆಸರಿಗೆ ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿದರೆ ಅದು ನಿಮ್ಮ ಆದಾಯ. ಆದ್ದರಿಂದ ಲಕೋಟೆಯ ಮೇಲೆ ಮಗಳ ಹೆಸರಿರಲಿ, ಹಣ ಅವಳ ಖಾತೆಗೇ ಹೋಗಲಿ. ಮೇಷ್ಟರ ಹೆಂಡತಿಯವರಿಗೆ ಇದನ್ನು ಹೇಗೆ ಹೇಳುವುದೆಂಬುದು ಮೇಷ್ಟರಿಗೆ ಬಿಟ್ಟದ್ದು.

ತೀರ್ಥಹಳ್ಳಿ ಕಡೆಯವಳು ಉತ್ತರಿಸಿದ್ದಾರೆ:

ಸರ್, ನಾನು ನಿಮ್ಮ ಮಗಳ ವಯಸ್ಸಿನವಳು, ಅವಳ ಕಡೆಯಿಂದ ಒಂದು ಮಾತು. ಅಪ್ಪ ತೀರಿಕೊಂಡ ಮೇಲೆ ಇಂಥದೇ ಒಂದು ಪುಸ್ತಕ ನನ್ನ ಪಾಲಿಗೆ ಬಂತು. ನೀವು ಅದರಲ್ಲಿ ನಿಮ್ಮ ದುಂಡನೆಯ ಅಕ್ಷರ ಕಂಡಿರಿ. ನನಗೆ ಕಂಡದ್ದು ನಾನು ಮುಖವನ್ನೇ ನೋಡದ ಎಂಬತ್ತು ಮನೆಗಳು. ರಜೆ ಹಾಕಿ, ಬಸ್ಸು ಹಿಡಿದು ಅಷ್ಟೂ ಮನೆಯ ಮದುವೆಗೆ ಹೋಗದಿದ್ದರೆ, “ಅವರ ಮನೆಯವರು ಉಂಡು ಹೋದವರು, ಈಗ ಮರೆತರು” ಎಂಬ ಮಾತು ಅಮ್ಮನ ಕಿವಿಗೆ ಬೀಳುತ್ತದೆ. ಮುಯ್ಯಿ ಎಂಬ ಪದಕ್ಕೆ ಸೇಡು ಎಂಬ ಅರ್ಥವೂ ಸುಮ್ಮನೆ ಬರಲಿಲ್ಲ ಎಂದುಕೊಂಡಿದ್ದೇನೆ.

ನನ್ನ ಮದುವೆ ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ರೀತಿಯಲ್ಲಿ ಆಯಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಆಳು ತೆಗೆದುಕೊಂಡೆವು! ನಮ್ಮಲ್ಲಿ ಗದ್ದೆ ನೆಟ್ಟಿಗೆ ಮುಯ್ಯಾಳು ಎಂದಿದೆಯಲ್ಲ, ಈ ದಿನ ನೀವು ನಮ್ಮ ಗದ್ದೆಗೆ, ನಾಡಿದ್ದು ನಾವು ನಿಮ್ಮ ಗದ್ದೆಗೆ. ಹಾಗೆ ಚಪ್ಪರ ಹಾಕಲು ಕೇರಿಯ ಹನ್ನೊಂದು ಜನ ಬಂದರು, ತರಕಾರಿ ಹೆಚ್ಚಲು ಹೆಂಗಸರು ಬಂದರು. ಮರುವರ್ಷ ನನ್ನ ಗಂಡ ಅವರ ಮನೆಯ ಚಪ್ಪರಕ್ಕೆ ಹೋಗಿ ಏಣಿಯಿಂದ ಬಿದ್ದು ಬಂದ. ಲೆಕ್ಕ ಚುಕ್ತಾ. ನಿಮ್ಮ ಪುಸ್ತಕದಲ್ಲಿ ‘ಹಂಡೆ, ಒಬ್ಬ ಆಳು’ ಎಂದಿರುವ ಸಾಲನ್ನು ಮಗಳಿಗೆ ತೋರಿಸಿ ನೋಡಿ.

ಅರಸೀಕೆರೆ ಮೇಷ್ಟರು, ಮೂರು ವಾರದ ನಂತರ:

ಎಲ್ಲರಿಗೂ ಕೃತಜ್ಞತೆ. ಪುಸ್ತಕವನ್ನು ತೋರಿಸಿದೆ. ಮಗಳು ನೆಲದ ಮೇಲೆ ಕುಳಿತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳು. ನಡುವೆ ಎರಡು ಕಾಗುಣಿತದ ತಪ್ಪನ್ನೂ ಹಿಡಿದಳು. ಬೀಗರಿಗೆ ಫೋನ್ ಮಾಡಿದೆವು. ಧಾರವಾಡದ ಅಕ್ಕನವರು ಹೇಳಿದ ಸೋದರಮಾವ ಅಲ್ಲಿ ಒಬ್ಬರಲ್ಲ, ಮೂವರಿದ್ದಾರೆ.

ಪತ್ರಿಕೆಯಲ್ಲಿ ಬೇಕು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಕಲ್ಯಾಣ ಮಂಟಪದ ಬಾಗಿಲಿನಲ್ಲಿ ಮೇಜು ಹಾಕುವುದಿಲ್ಲ, ಯಾರ ಹೆಸರನ್ನೂ ಮೊತ್ತವನ್ನೂ ಕೂಗುವುದಿಲ್ಲ. ಕೊಟ್ಟೇ ತೀರುತ್ತೇವೆ ಎನ್ನುವವರು ಮಗಳ ಕೈಗೇ ಕೊಡಬಹುದು. ಹಿಂದಿನ ದಿನ ಹಳ್ಳಿಯ ಮನೆಯ ಚಪ್ಪರಕ್ಕೆ ಬರುವವರಿಂದ ಗರಿ, ಕಂಬ, ಕೆಲಸ ಧಾರಾಳವಾಗಿ ತೆಗೆದುಕೊಳ್ಳುತ್ತೇವೆ. ಕೂಲಿಗೆ ಬರುವ ಆ ನಮ್ಮವರು ಆಗಲೇ ಚಪ್ಪರದ ಮೇಸ್ತ್ರಿ ತಾವೇ ಎಂದು ಸಾರಿಕೊಂಡು ಓಡಾಡುತ್ತಿದ್ದಾರೆ. ಹೆಂಡತಿ ಪೂರ್ತಿ ಒಪ್ಪಿಲ್ಲ, ಆದರೆ ಪೂರ್ತಿ ಮಾತನಾಡುತ್ತಿದ್ದಾಳೆ. ತೆರಿಗೆಯ ವಿಷಯವನ್ನು ನಾನಿನ್ನೂ ಎತ್ತಿಲ್ಲ.

‘ತೀ’ ಇಲ್ಲದ ಆ ಮೂರು ಹೆಸರುಗಳಲ್ಲಿ ಎರಡು ಮನೆಯವರು ಊರು ಬಿಟ್ಟು ಹೋಗಿದ್ದಾರೆ, ವಿಳಾಸ ವಿಚಾರಿಸುತ್ತಿದ್ದೇನೆ. ಮೂರನೆಯದು ‘ಮೂಲೆಮನೆ ಅಜ್ಜಿ, ಕುಂಬಳಕಾಯಿ 1’. ಎರಡು ರೂಪಾಯಿಗೆ ‘ತೀ’ ಹಾಕಿದ ಅಪ್ಪ ಅದರ ಕೆಳಗಿನ ಸಾಲನ್ನು ಮರೆತಿದ್ದಾರೆ. ಅಜ್ಜಿ ಹೋಗಿ ಕಾಲವಾಯಿತು. ಅವರ ಮರಿಮಗ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮನೆದೇವರಿಗೆ ಮೊದಲ ಪತ್ರಿಕೆ ಇಟ್ಟ ಮೇಲೆ ಎರಡನೆಯದನ್ನು ಮಗಳು ಅವನಿಗೇ ಕೊಡಬೇಕೆಂದು ಹಟ ಹಿಡಿದಳು. ನಿನ್ನೆ ಇಬ್ಬರೂ ಹೋದೆವು. ಹುಡುಗ ಗಾಬರಿಯಿಂದ ಎದ್ದು ನಿಂತು, “ನನಗೆ ನಿಮ್ಮ ಪರಿಚಯವೇ ಇಲ್ಲವಲ್ಲ ಅಕ್ಕಾ” ಎಂದ.

“ನಮ್ಮ ಮನೆಯಿಂದ ನಿಮಗೆ ಒಂದು ಕುಂಬಳಕಾಯಿ ಬರಬೇಕು. ಊಟಕ್ಕೆ ಬಾ, ಸಾಂಬಾರಿನಲ್ಲಿ ಹಾಕಿಸಿರುತ್ತೇನೆ” ಎಂದಳು.