ಸಹಾಯ ಬೇಕು: 40 ಜನಕ್ಕೆ ಯುದ್ಧಕಾಲದ ಅಡುಗೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿನ ಚರ್ಚಿನ ಮಹಿಳಾ ಸಂಘದವರು ಮುಂದಿನ ತಿಂಗಳು ಎರಡನೇ ಮಹಾಯುದ್ಧದ ಥೀಮ್ ಇಟ್ಟು ಸಂಜೆ ಕೂಟ ಮಾಡುತ್ತಿದ್ದಾರೆ. ತಲೆಗೆ ಸ್ಕಾರ್ಫ್, ಹಳೆಯ ಹಾಡು ಎಲ್ಲ ರೆಡಿ. ಅಡುಗೆ ನನ್ನ ತಲೆಗೆ ಬಂದಿದೆ!

1940ರಲ್ಲಿ ಶುರುವಾದ ರೇಷನ್ ಲೆಕ್ಕದಲ್ಲೇ ಮಾಡಬೇಕಂತೆ. ಆಗ ದೊಡ್ಡವರೊಬ್ಬರಿಗೆ ವಾರಕ್ಕೆ ಹೆಚ್ಚುಕಮ್ಮಿ 55 ಗ್ರಾಂ ಬೆಣ್ಣೆ, 225 ಗ್ರಾಂ ಸಕ್ಕರೆ, ಒಂದು ಮೊಟ್ಟೆ, ಅದೂ ಸಿಕ್ಕರೆ. ಟೀಪುಡಿಯೂ 55 ಗ್ರಾಂ ಅಷ್ಟೇ. ನಮ್ಮ ಮನೆಯಲ್ಲಾಗಿದ್ದರೆ ಜಗಳವೇ ಆಗುತ್ತಿತ್ತು.

ತರಕಾರಿಗೆ ರೇಷನ್ ಇರಲಿಲ್ಲ. ಅದಕ್ಕೇ ವುಲ್ಟನ್ ಪೈ ಆರಿಸಿಕೊಂಡೆ. ಆಗಿನ ಆಹಾರ ಮಂತ್ರಿ ಲಾರ್ಡ್ ವುಲ್ಟನ್ ಹೆಸರಿನದು. ಆಲೂಗಡ್ಡೆ, ಹೂಕೋಸು, ಕ್ಯಾರೆಟ್ ಬೇಯಿಸಿ, ಓಟ್ಸ್ ಹಾಕಿ ಗಟ್ಟಿ ಮಾಡಿ, ಮೇಲೆ ಗೋಧಿಹಿಟ್ಟಿನ ಮುಚ್ಚಳ ಇಟ್ಟು ಓವನ್‌ನಲ್ಲಿ ಬೇಯಿಸುವುದು. ಮಾಡಿ ನೋಡಿದೆ, ಸಪ್ಪೆ ಅಂದ್ರೆ ಸಪ್ಪೆ. ಒಂದು ಒಗ್ಗರಣೆ ಕೊಡೋಣ ಅಂತ ಕೈ ತುರಿಸುತ್ತಿದೆ, ಆದರೆ ಥೀಮ್ ಕೆಡುತ್ತೆ ಅಲ್ವಾ?

ಬೆಣ್ಣೆ ಕಮ್ಮಿಯಾಗಿ ಮುಚ್ಚಳ ಕಲ್ಲಾಗುತ್ತಿದೆ. ಬೇಯಿಸಿದ ಆಲೂಗಡ್ಡೆ ಹಿಟ್ಟಿಗೆ ಕಲಸಿದರೆ ಮೆತ್ತಗಾಗುತ್ತದೆಯೇ? ಎಷ್ಟು ಹಾಕಬೇಕು? ಮೊಟ್ಟೆ ಇಲ್ಲದೆ, ವಿನೆಗರ್ ಮತ್ತು ಸೋಡಾ ಹಾಕಿ ಕ್ಯಾರೆಟ್ ಕೇಕ್ ಮಾಡಿದವರಿದ್ದರೆ ದಯವಿಟ್ಟು ಅಳತೆ ತಿಳಿಸಿ. ಸಕ್ಕರೆ ಜಾಸ್ತಿ ಬೇಡುವ ರೆಸಿಪಿ ಮಾತ್ರ ಬೇಡ.