ಅದು ನಿಮ್ಮ ಬಗ್ಗೆ ಅಲ್ಲ

2025ರ ನವೆಂಬರ್ 22, ಶನಿವಾರ ಬೆಳಿಗ್ಗೆ ಎಂಟಕ್ಕೆ ರಾತ್ರಿ ಪಾಳಿ ಮುಗಿಸಿ ಕೇರ್ ಹೋಮಿನಿಂದ ಹೊರಗೆ ಬಂದೆ. ಇಂಗ್ಲೆಂಡಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ನನ್ನದು. ಬಸ್ ಸ್ಟಾಪಿನಲ್ಲಿ ನಿಂತು ಫೋನ್ ನೋಡಿದರೆ ನಮ್ಮ ‘ಕೆಳಗಿನಮನೆ ಕುಟುಂಬ’ ಗುಂಪಿನಲ್ಲಿ 94 ಮೆಸೇಜ್. ಊರಿನಲ್ಲಿ ಆಗ ಮಧ್ಯಾಹ್ನ ಒಂದೂವರೆ. ಅಪ್ಪನಿಗೆ ಏನಾದರೂ ಆಯಿತಾ ಎಂದು ಎದೆ ಧಸಕ್ ಎಂದಿತು. ಮೇಲಿನಿಂದ ಓದುತ್ತಾ ಬಂದೆ. ಎಲ್ಲರೂ ಮಾತಾಡುತ್ತಿದ್ದದ್ದು ನನ್ನ ಬಗ್ಗೆ.

ಶುರು ಮಾಡಿದ್ದು ರಮೇಶ ಚಿಕ್ಕಪ್ಪ. ಬಿಗ್ ಬೆನ್ ಗಡಿಯಾರದ ಮುಂದೆ, ವಲಸೆ ವಿರೋಧಿಸುವ ಇಲ್ಲಿಯ ರಾಜಕಾರಣಿ ನೈಜೆಲ್ ಫರಾಜ್ ನಗುತ್ತಿರುವ ಚಿತ್ರ. ಕೆಳಗೆ ಕೆಂಪು ಅಕ್ಷರ: ‘ಬ್ರಿಟನ್‌ನಲ್ಲಿ ಪಿಆರ್ ಸಂಪೂರ್ಣ ರದ್ದು! ಫರಾಜ್ ಸರ್ಕಾರದ ಆದೇಶ. ಭಾರತೀಯರೆಲ್ಲ 2026ರೊಳಗೆ ದೇಶ ಬಿಡಬೇಕು. ಅಲ್ಲಿರುವ ನಿಮ್ಮವರಿಗೆ ತಪ್ಪದೆ ಕಳಿಸಿ.’ ಪಿಆರ್ ಎಂದರೆ ಕಾಯಂ ವಾಸದ ಅನುಮತಿ.

ರಮೇಶ ಚಿಕ್ಕಪ್ಪ: ನೋಡಿ. ನಾನು ಮೊದಲೇ ಹೇಳಿದ್ದೆ. ಪುಟ್ಟಿ ಗತಿ ಏನು ಈಗ?

ಸತೀಶ ಬಾವ: ಇದು ಎಲ್ಲಿಂದ ಬಂತು ಮಾವ? ಯಾವ ಪೇಪರ್? ಯಾವ ತಾರೀಖು?

ರಮೇಶ ಚಿಕ್ಕಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಹಾಕಿದ್ದು. ಸುಳ್ಳು ಹಾಕುವವರಲ್ಲ.

ಸತೀಶ ಬಾವ: ಫರಾಜ್ ಸರ್ಕಾರವೇ ಇಲ್ಲವಲ್ಲ. ಪ್ರಧಾನಿ ಕೀರ್ ಸ್ಟಾರ್ಮರ್, ಲೇಬರ್ ಪಕ್ಷ. ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ 2024ರ ಚುನಾವಣೆಯಲ್ಲಿ ಬಂದದ್ದು ಐದೇ ಸೀಟು.

ರಮೇಶ ಚಿಕ್ಕಪ್ಪ: ನೀನು ಎಲ್ಲದಕ್ಕೂ ಲೆಕ್ಕ ಕೇಳುವವನು. ಮನೆ ಪಾಲಿನ ದಿನವೂ ಹೀಗೇ ಕೇಳಿದ್ದೆ.

ಅಲ್ಲಿಗೆ ಬ್ರಿಟನ್ ಹಿಂದೆ ಸರಿಯಿತು. ಮನೆ ಪಾಲು ಮುಂದೆ ಬಂತು. ಸುಮಾರು ಇಪ್ಪತ್ತು ಮೆಸೇಜ್ ಅದೇ. ಬಾವಿ ಯಾರ ಪಾಲಿಗೆ, ಹಲಸಿನ ಮರ ಯಾರ ಪಾಲಿಗೆ, ಅಳತೆ ಹಿಡಿದವರು ಯಾರು.

ನಡುವೆ ದೊಡ್ಡಪ್ಪ ಬಂದರು. ಅವರು ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಬರೆದರೆ ಪುಟಗಟ್ಟಲೆ ಬರೆಯುತ್ತಾರೆ.

ದೊಡ್ಡಪ್ಪ: ಜಗಳ ಬೇಡ. ಒಂದು ಮಾತು ತಿಳಿಯಿರಿ. ನೆಂಟ ಎಷ್ಟು ದಿನ ಇರಬೇಕು ಎಂದು ಹೇಳುವ ಹಕ್ಕು ಮನೆಯವನದು. ಅವರ ದೇಶ, ಅವರ ಇಷ್ಟ. ಹುಟ್ಟಿದ ಮಣ್ಣು ಬಿಟ್ಟು ಹೋದವರು ಇದಕ್ಕೆಲ್ಲ ತಯಾರಿರಬೇಕು. ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯಲು ಜನ ಇಲ್ಲ. ನಮ್ಮ ಮಕ್ಕಳು ಅಲ್ಲಿ ಹೋಗಿ ಬೇರೆಯವರ ಮುದುಕರನ್ನು ನೋಡಿಕೊಳ್ಳುತ್ತಾರೆ.

ಆ ಕೊನೆಯ ಸಾಲು ಓದಿ ಫೋನ್ ಜೇಬಿಗೆ ಹಾಕಿದೆ. ಬಸ್ ಬಂದ ಮೇಲೆ ಮತ್ತೆ ತೆಗೆದೆ.

ವೀಣಕ್ಕ: ದೊಡ್ಡಮಾವ, ರಿಷಿ ಸುನಕ್ ಗೆದ್ದ ದಿನ ನೆನಪಿದೆಯಾ? 2022ರ ದೀಪಾವಳಿ. ಅಜ್ಜಿ ಇದ್ದರು. ನಮ್ಮ ಬೆಂಗಳೂರಿನ ಅಳಿಯ ಪ್ರಧಾನಿ ಆದ ಎಂದು ಟಿವಿ ಮುಂದೆ ಆರತಿ ಎತ್ತಿದ್ದರು. ಹೋಳಿಗೆ ಮಾಡಿದ್ದೆವು. ಜಗುಲಿ ತುಂಬಾ ಜನ.

ಸರೋಜತ್ತೆ: ಹೌದು. ಅಮ್ಮನ ಕೊರಳಲ್ಲಿ ಅವಲಕ್ಕಿ ಸರ ಇತ್ತು ಅವತ್ತು.

ಗುಂಪು ಎರಡು ನಿಮಿಷ ಸುಮ್ಮನಾಯಿತು. ಯಾಕೆ ಎಂದು ನನಗೆ ಗೊತ್ತು. ಅಜ್ಜಿ ತೀರಿಕೊಂಡ ತಿಂಗಳಲ್ಲೇ ಆ ಸರ ಬ್ಯಾಂಕಿಗೆ ಹೋಯಿತು. ನನ್ನ ವೀಸಾಕ್ಕೆ ಏಜೆಂಟ್ 12 ಲಕ್ಷ ಕೇಳಿದ್ದ. ಅಪ್ಪ ತೋಟದ ಮೇಲೆ ಸಾಲ ಮಾಡಿದರು. ಸಾಲದೆ ಸರ ಅಡವಿಟ್ಟರು. ನಾನು, ನಮ್ಮವರು, ನಾಲ್ಕು ವರ್ಷದ ಮಗಳು 2023ರ ಮಾರ್ಚ್‌ನಲ್ಲಿ ಸಂಡರ್‌ಲ್ಯಾಂಡಿಗೆ ಬಂದೆವು.

ಸರೋಜತ್ತೆ: ಆ ಸರ ಹೆಣ್ಣುಮಕ್ಕಳಿಗೆ ಎಂದು ಅಮ್ಮ ಹೇಳಿದ್ದರು. ಅಡವಿಡುವಾಗ ನನ್ನನ್ನು ಯಾರು ಕೇಳಿದರು?

ರಮೇಶ ಚಿಕ್ಕಪ್ಪ: ನಾನು ಅವತ್ತೇ ಬೇಡ ಎಂದೆ. ಅಣ್ಣ ಕೇಳಲಿಲ್ಲ.

ಅಪ್ಪ ಎಲ್ಲವನ್ನೂ ಓದುತ್ತಿದ್ದರು. ನೀಲಿ ಗೆರೆ ಬಿದ್ದಿತ್ತು. ಒಂದು ಅಕ್ಷರವೂ ಬರೆಯಲಿಲ್ಲ.

ಆಮೇಲೆ ಪ್ರವೀಣ ಬಂದ. ಚಿಕ್ಕಪ್ಪನ ಮಗ. ಜರ್ಮನಿಯ ಥುರಿಂಗಿಯಾದಲ್ಲಿ ಎಂಎಸ್ ಓದುತ್ತಿದ್ದಾನೆ.

ಪ್ರವೀಣ: ಅಪ್ಪಾ, ನನ್ನ ರಾಜ್ಯದಲ್ಲೇ ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ವಲಸಿಗರನ್ನು ವಿರೋಧಿಸುವ ಎಎಫ್‌ಡಿ ಪಕ್ಷ ಮೊದಲ ಸ್ಥಾನಕ್ಕೆ ಬಂತು. 32.8 ಶೇಕಡಾ. ಈ ವರ್ಷ ಫೆಬ್ರುವರಿಯ ದೇಶದ ಚುನಾವಣೆಯಲ್ಲಿ 20.8 ಶೇಕಡಾ, ಎರಡನೇ ಸ್ಥಾನ. ಅದನ್ನು ಯಾವತ್ತಾದರೂ ಇಲ್ಲಿ ಹಾಕಿದಿರಾ? ನನ್ನ ಗತಿ ಏನು ಎಂದು ಕೇಳಿದಿರಾ?

ರಮೇಶ ಚಿಕ್ಕಪ್ಪ: ನೀನು ಕಾನೂನು ಪ್ರಕಾರ ಓದಲು ಹೋದವನು. ಅವರೆಲ್ಲ ಮಾತಾಡುವುದು ದೋಣಿಯಲ್ಲಿ ಕದ್ದು ಬರುವವರ ಬಗ್ಗೆ. ಅದು ನಿಮ್ಮ ಬಗ್ಗೆ ಅಲ್ಲ.

ಪ್ರವೀಣ: ಟ್ರಾಮ್‌ನಲ್ಲಿ ಬೈಯುವವನು ಮೊದಲು ನನ್ನ ಪಾಸ್‌ಪೋರ್ಟ್ ನೋಡಿ ಬೈಯುವುದಿಲ್ಲ ಅಪ್ಪಾ.

ಸತೀಶ ಬಾವ ಎರಡು ವರ್ಷ ಹಿಂದಕ್ಕೆ ಹುಡುಕಿ ಚಿಕ್ಕಪ್ಪನದೇ ಒಂದು ಹಳೆಯ ಫಾರ್ವರ್ಡ್ ಎತ್ತಿ ಹಾಕಿದರು. 2023ರ ನವೆಂಬರ್. ನೆದರ್‌ಲ್ಯಾಂಡ್ಸ್‌ನಲ್ಲಿ ವಲಸೆ ವಿರೋಧಿ ಖೇರ್ಟ್ ವಿಲ್ಡರ್ಸ್ ಪಕ್ಷ 150ರಲ್ಲಿ 37 ಸೀಟು ಗೆದ್ದು ಮೊದಲನೆಯದಾದ ದಿನ. ಮೇಲೆ ಚಿಕ್ಕಪ್ಪ ಬರೆದಿದ್ದರು: ‘ಯೂರೋಪಿಗೂ ಒಬ್ಬ ಗಂಡಸು ಸಿಕ್ಕಿದ.’ ಕೆಳಗೆ ಹದಿನಾಲ್ಕು ಚಪ್ಪಾಳೆ. ಅದರಲ್ಲಿ ಒಂದು ನನ್ನದು. ನನಗೆ ನೆನಪೇ ಇರಲಿಲ್ಲ. ನೋಡಿ ನಾಚಿಕೆಯಾಯಿತು.

ಸತೀಶ ಬಾವ: ಆ ವಿಲ್ಡರ್ಸ್ ಈ ಜೂನ್‌ನಲ್ಲಿ ತನ್ನದೇ ಪಕ್ಷ ಇದ್ದ ಸರ್ಕಾರ ಬೀಳಿಸಿದ. ಅಕ್ಟೋಬರ್‌ನಲ್ಲಿ ಮತ್ತೆ ಚುನಾವಣೆ. 37 ಇದ್ದದ್ದು 26 ಆಯಿತು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ರಮೇಶ ಚಿಕ್ಕಪ್ಪ: ಮಗನೂ ಅಳಿಯನೂ ಸೇರಿ ಗುಂಪಿನಲ್ಲಿ ನನ್ನ ಮರ್ಯಾದೆ ತೆಗೆಯಿರಿ. ಸಂತೋಷ.

ಆಮೇಲೆ ‘ರಮೇಶ ಚಿಕ್ಕಪ್ಪ ಗುಂಪು ತೊರೆದರು’ ಎಂಬ ಸಾಲು. ವೀಣಕ್ಕ ಮತ್ತೆ ಸೇರಿಸಿದರು. ಅವರು ಮತ್ತೆ ಹೋದರು. ಮತ್ತೆ ಸೇರಿಸಿದರು. 94ರಲ್ಲಿ ಒಬ್ಬರೂ ನನ್ನನ್ನು ನೇರವಾಗಿ ಕೇಳಿರಲಿಲ್ಲ. ಪಾಳಿಯಲ್ಲಿದ್ದೇನೆ ಎಂದು ಬಿಟ್ಟಿರಬಹುದು.

ಮನೆಗೆ ಬಂದು ಮಗಳಿಗೆ ತಿಂಡಿ ಕೊಟ್ಟೆ. ಮಲಗಲಿಲ್ಲ. ಕೂತು ಬರೆದೆ. ಗುಂಪಿಗೆ ಇಷ್ಟು ಉದ್ದ ನಾನು ಯಾವತ್ತೂ ಬರೆದಿಲ್ಲ. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

‘ಎಲ್ಲರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಯಾರೂ ನನ್ನನ್ನು 2026ರೊಳಗೆ ಓಡಿಸುತ್ತಿಲ್ಲ. ಚಿಕ್ಕಪ್ಪ, ನೀವು ಕಳಿಸಿದ್ದು ಎರಡು ಸುದ್ದಿ ಕಲಸಿದ್ದು. ಒಂದು, ಸೆಪ್ಟೆಂಬರ್‌ನಲ್ಲಿ ಫರಾಜ್ ಹೇಳಿದ್ದು. ತಾವು ಅಧಿಕಾರಕ್ಕೆ ಬಂದರೆ ಕಾಯಂ ವಾಸದ ಅನುಮತಿಯನ್ನೇ ತೆಗೆಯುತ್ತೇವೆ, ಈಗಾಗಲೇ ಸಿಕ್ಕವರೂ ಐದೈದು ವರ್ಷಕ್ಕೆ ಮತ್ತೆ ವೀಸಾ ಕೇಳಬೇಕು ಎಂದರು. ಅದು ಭರವಸೆ, ಕಾನೂನು ಅಲ್ಲ. ಎರಡನೆಯದು ಮೊನ್ನೆ ಗುರುವಾರ, ನವೆಂಬರ್ 20ರದು. ಅದು ನಿಜ. ಅದನ್ನು ತಂದದ್ದು ಲೇಬರ್ ಸರ್ಕಾರದ ಗೃಹ ಸಚಿವೆ ಶಬಾನಾ ಮಹಮೂದ್. ಕಾಯಂ ಅನುಮತಿಗೆ ಐದು ವರ್ಷ ಇದ್ದದ್ದು ಹತ್ತು ಆಗಬೇಕಂತೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರ್, ನರ್ಸ್‌ಗಳಿಗೆ ಐದೇ. ನನ್ನ ಥರ ಕೇರ್ ಕೆಲಸಕ್ಕೆ ಬಂದವರಿಗೆ ಹದಿನೈದು. ಇನ್ನೂ ಜಾರಿಯಾಗಿಲ್ಲ, ಪ್ರಸ್ತಾವ. ಆದರೆ ಈಗಾಗಲೇ ಬಂದಿರುವ ನಮಗೂ ಹಚ್ಚುತ್ತೇವೆ ಎಂದಿದ್ದಾರೆ. ನನಗೆ 2028ರಲ್ಲಿ ಸಿಗಬೇಕಿದ್ದದ್ದು 2038ಕ್ಕೆ ಹೋಗುತ್ತದೆ. ಮಗಳಿಗೆ ಆಗ ಹತ್ತೊಂಬತ್ತು.

ಯಾಕೆ ಹೀಗಾಯಿತು ಎಂದು ಇಲ್ಲಿದ್ದವರಿಗೆ ಕಾಣುತ್ತದೆ. ಸತೀಶ ಬಾವ, ರಿಫಾರ್ಮ್ ಪಕ್ಷಕ್ಕೆ ಐದು ಸೀಟು ನಿಜ. ಆದರೆ ಅವರಿಗೆ ಬಿದ್ದ ಓಟು 40 ಲಕ್ಷ ದಾಟಿತ್ತು, 14.3 ಶೇಕಡಾ. ಈ ವರ್ಷ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ನಮ್ಮ ಪಕ್ಕದ ಡರ್ಹಮ್ ಕೌನ್ಸಿಲ್ ಅವರ ಕೈಗೆ ಹೋಯಿತು. ಅದೇ ದಿನ ರನ್‌ಕಾರ್ನ್ ಉಪಚುನಾವಣೆಯಲ್ಲಿ ಲೇಬರ್ ಪಕ್ಷವನ್ನು ಆರು ಓಟಿನಿಂದ ಸೋಲಿಸಿದರು. ಹನ್ನೊಂದು ದಿನ ಬಿಟ್ಟು ಸ್ಟಾರ್ಮರ್ ಎದ್ದು ನಿಂತು, ನಾವು ಅಪರಿಚಿತರ ದ್ವೀಪ ಆಗುವ ಅಪಾಯ ಇದೆ ಎಂದರು. ಆಮೇಲೆ ಆ ಮಾತಿಗೆ ಬೇಸರ ಪಟ್ಟರು. ಮಾತು ಹಿಂದೆ ಹೋಯಿತು, ಹತ್ತು ವರ್ಷದ ಪ್ರಸ್ತಾವ ಹಿಂದೆ ಹೋಗಲಿಲ್ಲ. ಫರಾಜ್ ಅಧಿಕಾರಕ್ಕೆ ಬರದೆಯೇ ಅರ್ಧ ಕೆಲಸ ಆಗಿದೆ. ನನಗೆ ಭಯ ಇದು. ಜರ್ಮನಿಯಲ್ಲಿ ಬೇರೆ ಪಕ್ಷದವರು ಎಎಫ್‌ಡಿ ಜೊತೆ ಸರ್ಕಾರ ಮಾಡುವುದಿಲ್ಲ ಎಂದು ಗೋಡೆ ಹಾಕಿಕೊಂಡಿದ್ದಾರೆ ಎಂದು ಪ್ರವೀಣನೇ ಹೇಳಿದ್ದ. ಇಲ್ಲಿ ಗೋಡೆ ಇಲ್ಲ. ಹಿಂದೆ ಹಿಂದೆ ಓಡುವುದು ಮಾತ್ರ.

ರಿಷಿ ಸುನಕ್ ಬಗ್ಗೆ ವೀಣಕ್ಕ ಹೇಳಿದರು. ಆ ದೀಪಾವಳಿ ನನಗೂ ಇಷ್ಟ. ಆದರೆ ಕೇರ್ ಕೆಲಸಕ್ಕೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವ ಹಾಗಿಲ್ಲ ಎಂದು 2024ರ ಮಾರ್ಚ್‌ನಲ್ಲಿ ನಿಯಮ ತಂದದ್ದು ಅವರದೇ ಸರ್ಕಾರ. ಒಂದು ವರ್ಷ ತಡವಾಗಿದ್ದರೆ ಮಗಳು ನಿಮ್ಮ ಜಗುಲಿಯಲ್ಲೇ ಬೆಳೆಯುತ್ತಿದ್ದಳು, ನಾನಿಲ್ಲದೆ.

ದೊಡ್ಡಪ್ಪ, ನಾನು ನೆಂಟಳಲ್ಲ. ತಿಂಗಳು ತಿಂಗಳು ತೆರಿಗೆ ಕಟ್ಟುತ್ತೇನೆ. ಸರ್ಕಾರದ ನೆರವಿನ ಹಣ ಕೇಳುವ ಹಾಗಿಲ್ಲ ಎಂದು ನನ್ನ ವೀಸಾದ ಷರತ್ತಿನಲ್ಲೇ ಇದೆ. ಬೇರೆಯವರ ಮುದುಕರು ಎಂದಿರಿ. ನಾನು ನೋಡಿಕೊಳ್ಳುವ ಒಬ್ಬರು ಹಡಗು ಕಟ್ಟೆಯಲ್ಲಿ, ಅಂದರೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ, ವೆಲ್ಡಿಂಗ್ ಮಾಡುತ್ತಿದ್ದವರು. 1988ರಲ್ಲಿ ಈ ಊರಿನ ಕೊನೆಯ ಹಡಗು ಕಟ್ಟೆಗಳೂ ಮುಚ್ಚಿದವು. ಅವರ ಮಕ್ಕಳಿಗೆ ಆ ಕೆಲಸ ಸಿಗಲಿಲ್ಲ. 2016ರಲ್ಲಿ ಈ ಊರು 61 ಶೇಕಡಾ ಓಟು ಹಾಕಿ ಯೂರೋಪ್ ಒಕ್ಕೂಟ ಬಿಡೋಣ ಎಂದಿತು. ಬಿಟ್ಟರು. ಹಡಗು ಬರಲಿಲ್ಲ. ಈಗ ಸಿಟ್ಟು ನಮ್ಮ ಕಡೆ ತಿರುಗಿದೆ. ಅವರ ಸಿಟ್ಟಿಗೆ ಕಾರಣ ಇಲ್ಲ ಎಂದು ನಾನು ಹೇಳುವುದಿಲ್ಲ. ಹಡಗು ಕಟ್ಟೆ ಮುಚ್ಚಿದ್ದು ನಾವಲ್ಲ, ಅಷ್ಟೇ.

ಚಿಕ್ಕಪ್ಪ, ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಹೋದ ವರ್ಷ ಜುಲೈ 29ಕ್ಕೆ ಸೌತ್‌ಪೋರ್ಟ್‌ನಲ್ಲಿ ಮೂರು ಪುಟ್ಟ ಹುಡುಗಿಯರ ಕೊಲೆಯಾಯಿತು. ಡ್ಯಾನ್ಸ್ ಕ್ಲಾಸಿಗೆ ಹೋಗಿದ್ದ ಮಕ್ಕಳು. ಕೊಂದವನು ದೋಣಿಯಲ್ಲಿ ಬಂದವನು ಎಂದು ಒಂದು ಸುಳ್ಳು ಹೆಸರಿನ ಜೊತೆ ಫೋನಿನಿಂದ ಫೋನಿಗೆ ಹರಿಯಿತು. ಅವನು ಹುಟ್ಟಿದ್ದು ಇದೇ ದೇಶದ ಕಾರ್ಡಿಫ್‌ನಲ್ಲಿ. ಆದರೂ ಸುಳ್ಳು ನಂಬಿದವರು ಮಸೀದಿಗೆ ಕಲ್ಲು ಹೊಡೆದರು. ಆಗಸ್ಟ್ 2ರ ರಾತ್ರಿ ಸಂಡರ್‌ಲ್ಯಾಂಡ್‌ನಲ್ಲಿ ಪೊಲೀಸ್ ಠಾಣೆ ಪಕ್ಕದ ಕಚೇರಿಗೆ ಬೆಂಕಿ ಇಟ್ಟರು. ನಾನು ಪಾಳಿಯಲ್ಲಿದ್ದೆ. ಮನೆಗೆ ಹೇಗೆ ಹೋಗುವುದು ಗೊತ್ತಿರಲಿಲ್ಲ. ಆ ವೆಲ್ಡರ್ ಮಗಳು ಕಾರಿನಲ್ಲಿ ಬಿಟ್ಟು ಹೋದರು. ಹಿಂದಿನ ಸೀಟಿನಲ್ಲಿ ಬಗ್ಗಿ ಕೂತಿದ್ದೆ. ಮುಂದಿನ ಸಲ ರಿಫಾರ್ಮ್‌ಗೇ ಓಟು ಎಂದು ಆಕೆ ದಾರಿಯಲ್ಲೇ ಹೇಳಿದರು. ಇಳಿಯುವಾಗ ನನ್ನ ಕೈ ಹಿಡಿದು, ಅದು ನಿನ್ನ ಬಗ್ಗೆ ಅಲ್ಲ ಎಂದರು. ಒಳ್ಳೆಯ ಹೆಂಗಸು. ಮನಸ್ಸಿನಿಂದಲೇ ಹೇಳಿದರು.

ನೀವೂ ಪ್ರವೀಣನಿಗೆ ಅದನ್ನೇ ಹೇಳಿದಿರಿ. ವಿಲ್ಡರ್ಸ್‌ಗೆ ಚಪ್ಪಾಳೆ ಹೊಡೆದ ದಿನ ನಾನೂ ಅದನ್ನೇ ಅಂದುಕೊಂಡಿದ್ದೆ, ಅದು ನನ್ನ ಬಗ್ಗೆ ಅಲ್ಲ ಎಂದು. ಗುರುವಾರ ಬಂದ ಪ್ರಸ್ತಾವದಲ್ಲಿ ನನ್ನ ಕೆಲಸದ ಹೆಸರು ಇದೆ. ನಾನು ಬಂದ ವರ್ಷವೂ ಇದೆ.

ಅತ್ತೆ, ಸರದ ವಿಷಯ. ನಿಮ್ಮನ್ನು ಕೇಳದೆ ಅಡವಿಟ್ಟದ್ದು ತಪ್ಪು. ಅಪ್ಪನದಲ್ಲ, ನನ್ನದು. ಅಪ್ಪ ಕೇಳೋಣ ಎಂದಿದ್ದರು, ನಾನೇ ಅವಸರ ಮಾಡಿದೆ. ಇನ್ನು 70 ಸಾವಿರ ಬಾಕಿ ಇದೆ. ಯುಗಾದಿಯೊಳಗೆ ಬಿಡಿಸುತ್ತೇನೆ. ಅದು ನಿಮ್ಮ ಮನೆಗೇ ಬರುತ್ತದೆ.’

ಕಳಿಸಿ ಮಲಗಿದೆ. ಎದ್ದಾಗ ಇಲ್ಲಿ ಮಧ್ಯಾಹ್ನ ಮೂರೂವರೆ, ಕತ್ತಲಾಗುತ್ತಿತ್ತು.

ದೊಡ್ಡಪ್ಪ: ಪೂರ್ತಿ ಓದಿದೆ. ಎರಡು ಸಲ. ಬೇರೆಯವರ ಮುದುಕರು ಎಂದು ಬರೆಯಬಾರದಿತ್ತು.

ವೀಣಕ್ಕ ಅಜ್ಜಿಯ ಒಂದು ಫೋಟೋ ಹಾಕಿದ್ದರು, ಕೊರಳಲ್ಲಿ ಸರ. ಸರೋಜತ್ತೆ ಅದರ ಕೆಳಗೆ, ‘ಸರಕ್ಕೆ ಅವಸರ ಇಲ್ಲ. ನಿನ್ನ ಮಗಳೂ ಹೆಣ್ಣುಮಗಳೇ’ ಎಂದು ಬರೆದಿದ್ದರು. ಚಿಕ್ಕಪ್ಪ ಏನೂ ಬರೆದಿರಲಿಲ್ಲ. ಆದರೆ ಮೊದಲಿನ ಆ ಕೆಂಪು ಅಕ್ಷರದ ಚಿತ್ರ ಇರಲಿಲ್ಲ. ‘ಈ ಮೆಸೇಜ್ ಅಳಿಸಲಾಗಿದೆ’ ಎಂದಿತ್ತು.

ಸತೀಶ ಬಾವ ಗುಂಪಿನಲ್ಲಿ ಬರೆಯದೆ ನನಗೊಬ್ಬಳಿಗೇ ಬರೆದಿದ್ದರು. ಸಚಿವೆಯ ಭಾಷಣ, ಪ್ರಸ್ತಾವದ ಪ್ರತಿ ಎರಡನ್ನೂ ಓದಿದ್ದರು. ಡೆನ್ಮಾರ್ಕ್‌ದೂ ಒಂದು ಸುದ್ದಿ ಇತ್ತು. ವಲಸಿಗರ ಮೇಲೆ ಬಿಗಿ ಮಾಡುವುದರಲ್ಲಿ ಬ್ರಿಟನ್ ಸರ್ಕಾರ ತನಗೆ ಮಾದರಿ ಎಂದು ನೋಡಿದ್ದು ಅಲ್ಲಿಯ ಸೋಶಿಯಲ್ ಡೆಮಾಕ್ರಾಟ್ ಪಕ್ಷವನ್ನು. ಆ ಪಕ್ಷ ಅದೇ ವಾರ ಕೋಪನ್‌ಹೇಗನ್ ನಗರವನ್ನು ನೂರು ವರ್ಷಕ್ಕೂ ಮೇಲೆ ಮೊದಲ ಬಾರಿಗೆ ಕಳೆದುಕೊಂಡಿತ್ತು. ಕೆಳಗೆ ಇನ್ನೊಂದು ಸಾಲು:

ಸತೀಶ ಬಾವ: ಸರ್ಕಾರ ಜನರ ಅಭಿಪ್ರಾಯ ಕೇಳಿದೆಯಂತೆ. ಫೆಬ್ರುವರಿವರೆಗೆ ಸಮಯ ಇದೆ. ನೀನು ಕನ್ನಡದಲ್ಲಿ ಹೇಳು, ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ನಾಳೆ ಎಷ್ಟು ಹೊತ್ತಿಗೆ ಫೋನ್ ಮಾಡಲಿ?

ನಾಳೆ ನನಗೆ ರಜೆ. ಇಲ್ಲಿಯ ಹತ್ತು ಗಂಟೆಗೆ ಮಾಡಿ ಎಂದೆ.