ಮಗಳನ್ನು ಸಿಯೋಲ್‌ಗೆ ಕಳಿಸಬಹುದಾ?

ಪ್ರಶ್ನೆ (ಒಬ್ಬ ತಾಯಿ, ಕಲ್ಯಾಣಪುರ): ಸರ್, 2027ರ ಆಗಸ್ಟ್ 3ರಿಂದ 8ರವರೆಗೆ ಸಿಯೋಲ್‌ನಲ್ಲಿ ವಿಶ್ವ ಯುವಜನ ದಿನ, ಅಂದರೆ ಕ್ಯಾಥೊಲಿಕ್ ಯುವಜನರ ಜಾಗತಿಕ ಸಮಾವೇಶ, ಇದೆಯಲ್ಲ, ಮಗಳು ಹೋಗಲೇಬೇಕು ಅಂತ ಹಠ ಹಿಡಿದಿದ್ದಾಳೆ. ವಯಸ್ಸು ಹತ್ತೊಂಬತ್ತು. ಪಕ್ಕದಲ್ಲೇ ಉತ್ತರ ಕೊರಿಯಾ. 2022ರಲ್ಲಿ ಅದೇ ಸಿಯೋಲ್‌ನಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಅಷ್ಟು ಮಂದಿ ಸತ್ತದ್ದನ್ನು ಟಿವಿಯಲ್ಲಿ ನೋಡಿದ್ದೆ. ಹೆದರಿಕೆ ಹೇಳಿಕೊಂಡರೆ, 'ದೇವರ ಕೆಲಸಕ್ಕೆ ಹೋಗುವವರನ್ನು ದೇವರೇ ನೋಡಿಕೊಳ್ಳುತ್ತಾನೆ, ನಿಮಗೆ ವಿಶ್ವಾಸ ಕಡಿಮೆ' ಅನ್ನುತ್ತಾರೆ. ನೀವು ಯಾತ್ರೆಗೆ ತಂಡ ಕರೆದುಕೊಂಡು ಹೋಗುವವರು. ಏನು ಹೇಳುತ್ತೀರಿ?

ಉತ್ತರ (ಯಾತ್ರಾ ಟೂರ್ ಮ್ಯಾನೇಜರ್, ಮಂಗಳೂರು): ಮೇಡಂ, ಬೈಬಲಿನಲ್ಲಿ ದೇವಾಲಯದ ತುದಿಯಿಂದ ಹಾರು, ದೂತರು ಹಿಡಿಯುತ್ತಾರೆ ಅಂತ ಸೈತಾನ ಹೇಳಿದಾಗ ಯೇಸು ಹಾರಲಿಲ್ಲ, ಅಲ್ವಾ? ನಿಮ್ಮ ವಿಶ್ವಾಸದಲ್ಲಿ ಏನೂ ಕಡಿಮೆ ಇಲ್ಲ.

ಉತ್ತರ ಕೊರಿಯಾದ ಗಡಿ ಸಿಯೋಲ್‌ನಿಂದ ಸುಮಾರು 50 ಕಿ.ಮೀ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ 1953ರ ಕದನವಿರಾಮದ ನಂತರ ಆ ನಗರ ಅಲ್ಲೇ ಬೆಳೆದಿದೆ. ಪರಿಸ್ಥಿತಿ ಕೆಟ್ಟು ನಮ್ಮ ವಿದೇಶಾಂಗ ಸಚಿವಾಲಯ ಹೋಗಬೇಡಿ ಅಂದರೆ ಹೋಗಬಾರದು. ಅಷ್ಟೇ.

ನನಗೆ ಜಾಸ್ತಿ ಹೆದರಿಕೆ ಬಿಸಿಲಿನದು. 2023ರ ಆಗಸ್ಟ್ ಮೊದಲ ವಾರ ದಕ್ಷಿಣ ಕೊರಿಯಾದಲ್ಲೇ ವಿಶ್ವ ಸ್ಕೌಟ್ ಜಾಂಬೂರಿ (ಸ್ಕೌಟ್ ಮಕ್ಕಳ ಜಾಗತಿಕ ಶಿಬಿರ) ನಡೆಯಿತು, ಸುಮಾರು 43,000 ಮಂದಿ. ಸೆಕೆಗೆ ನೂರಾರು ಜನ ಕಾಯಿಲೆ ಬಿದ್ದರು. ಬ್ರಿಟನ್, ಅಮೆರಿಕದ ತಂಡಗಳು ಅರ್ಧದಲ್ಲೇ ಹೊರಟವು. ಕೊನೆಗೆ ಚಂಡಮಾರುತ ಬರುತ್ತದೆ ಅಂತ ಶಿಬಿರವನ್ನೇ ಖಾಲಿ ಮಾಡಿಸಿದರು. ಯುವಜನ ದಿನವೂ ಅದೇ ವಾರ. ಕೊನೆಯ ರಾತ್ರಿ ಸಾಮಾನ್ಯವಾಗಿ ಬಯಲಲ್ಲೇ ಜಾಗರಣೆ. ನಮ್ಮ ಕರಾವಳಿಯ ಮಕ್ಕಳು ಸೆಕೆ ಕಂಡವರೇ, ಆದರೆ ಫ್ಯಾನ್ ಕೆಳಗೆ ಕೂತು ಕಂಡವರು!

ಇನ್ನು ನೂಕುನುಗ್ಗಲು. ನೀವು ಟಿವಿಯಲ್ಲಿ ನೋಡಿದ್ದು ಸಿಯೋಲ್‌ನ ಇಟೆವಾನ್ ಬಡಾವಣೆಯದು, ಅಲ್ಲಿ 159 ಮಂದಿ ಸತ್ತರು. ಅದು ಮೂರು-ನಾಲ್ಕು ಮೀಟರ್ ಅಗಲದ ಇಳಿಜಾರು ಗಲ್ಲಿ. ಆ ಜನಸಂದಣಿಗೆ ಆಯೋಜಕರೇ ಇರಲಿಲ್ಲ. ಇಂಥ ಕಡೆ ಎದೆ ಒತ್ತಿ, ನಿಂತಲ್ಲೇ ಉಸಿರು ಕಟ್ಟುತ್ತದೆ. ಜನ ಎಷ್ಟು ಅನ್ನುವುದಕ್ಕಿಂತ ಜಾಗ ಎಷ್ಟು ಇಕ್ಕಟ್ಟು ಅನ್ನುವುದು ಮುಖ್ಯ. ನಾಲ್ಕೂ ಕಡೆಯಿಂದ ಮೈ ತಾಗತೊಡಗಿದರೆ ಆಗಲೇ ಹೊರಗೆ ಬರಬೇಕು. ಸಿಕ್ಕಿಬಿದ್ದರೆ ಕೈಗಳನ್ನು ಎದೆಯ ಮುಂದೆ ಅಡ್ಡ ಹಿಡಿಯಬೇಕು, ತಳ್ಳಾಟಕ್ಕೆ ಎದುರು ನಿಲ್ಲದೆ ಓರೆಯಾಗಿ ಅಂಚಿಗೆ ಸರಿಯಬೇಕು. ಮೊಬೈಲ್ ಬಿದ್ದರೆ ಬಗ್ಗಲೇಬಾರದು. ಜನವರಿಯಲ್ಲಿ ಕಾರ್ಕಳದ ಅತ್ತೂರು ಚರ್ಚಿನ ಹಬ್ಬಕ್ಕೆ ಹೇಗೂ ಹೋಗುತ್ತೀರಲ್ಲ, ಅಲ್ಲೇ ಹೇಳಿಕೊಡಿ.

ಒಂದು ಮಾತು ಹೇಳಿದರೆ ಬೇಜಾರು ಮಾಡಬೇಡಿ. ಕೆಲಸ ಸಿಕ್ಕಿತು ಅಂದರೆ ಕುವೈತ್‌ಗೂ ಇಸ್ರೇಲ್‌ಗೂ ಮಕ್ಕಳನ್ನು ಕಳಿಸುವ ಊರು ನಮ್ಮದು. ಆಗ ಇಷ್ಟು ಪ್ರಶ್ನೆ ಯಾರೂ ಕೇಳುವುದಿಲ್ಲ.

ಅದೇ ತಾಯಿ: ಅದು ಸರಿ ಸರ್. ಹಾಗಾದರೆ ತಂಡದವರ ಹತ್ತಿರ ಏನು ಕೇಳಲಿ?

ಉತ್ತರ: ಒಬ್ಬಳು ಆಸ್ಪತ್ರೆಗೆ ಸೇರಿದರೆ ಅವಳ ಜೊತೆ ಯಾರು ಉಳಿಯುತ್ತಾರೆ? ಉಳಿದವರನ್ನು ಯಾರು ನೋಡಿಕೊಳ್ಳುತ್ತಾರೆ? ಇದನ್ನೇ ಮೊದಲು ಕೇಳಿ. 'ಫಾದರ್ ಇದ್ದಾರಲ್ಲ' ಅಂತ ಸುಮ್ನೆ ನಕ್ಕರೆ ಹಣ ಕಟ್ಟಬೇಡಿ. ಒಬ್ಬ ಫಾದರ್ ಎರಡು ಕಡೆ ಇರಲಾರರು. ರಾತ್ರಿ ವಸತಿಯಲ್ಲಿ ಹುಡುಗಿಯರ ಜೊತೆ ಹಿರಿಯ ಹೆಂಗಸರು ಇದ್ದಾರಾ ಅಂತಲೂ ವಿಚಾರಿಸಿ. ಮಗಳ ಮೊಬೈಲಿನಲ್ಲಿ ಪೊಲೀಸ್ 112, ಆಂಬುಲೆನ್ಸ್ 119, ಪ್ರವಾಸಿ ಸಹಾಯವಾಣಿ 1330 ಸೇವ್ ಆಗಿರಲಿ. ಚೀಟಿಯಲ್ಲೂ ಬರೆದು ಕೊಡಿ, ಚಾರ್ಜ್ ಮುಗಿಯುವುದೇ ಬೇಕಾದ ಹೊತ್ತಿಗೆ.

ಐಸಿವೈಎಂ (ಕ್ಯಾಥೊಲಿಕ್ ಯುವಜನ ಸಂಘಟನೆ) ಸದಸ್ಯ, ಉಡುಪಿ: ಸರ್, ಈ ಸಲದ ಯುವಜನ ದಿನದ ಧ್ಯೇಯವಾಕ್ಯವೇ ಬೈಬಲಿನ 'ಧೈರ್ಯವಾಗಿರಿ', ಯೊವಾನ್ನ 16:33. ಇಷ್ಟೆಲ್ಲ ಲೆಕ್ಕ ಹಾಕುತ್ತಾ ಕೂತರೆ ಅದು ಯಾತ್ರೆಯಾ?

ಉತ್ತರ: 1995ರ ಜನವರಿಯಲ್ಲಿ ಮನಿಲಾದ ಯುವಜನ ದಿನಕ್ಕೆ ಕೆಲವೇ ದಿನ ಮೊದಲು ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಕೊಲ್ಲುವ ಸಂಚು ಬಯಲಾಯಿತು. ಒಂದು ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಕಾಣಿಸಿ, ಪೊಲೀಸರು ಒಳಗೆ ಹುಡುಕಿದ್ದರಿಂದ. ಪೋಪ್ ಬಂದರು, ಲಕ್ಷಗಟ್ಟಲೆ ಜನರೂ ಬಂದರು. ಪೊಲೀಸರು ಹುಡುಕದೆ ಬರೀ ಪ್ರಾರ್ಥನೆ ಮಾಡುತ್ತಾ ಕೂತಿದ್ದರೆ? ಧೈರ್ಯ ಇರಲಿ ತಮ್ಮಾ, ಜೊತೆಗೆ ನಿಮ್ಮ ತಂಡದ ಹುಡುಗರ ರಕ್ತದ ಗುಂಪಿನ ಪಟ್ಟಿಯೂ ಇರಲಿ.

ಅದೇ ತಾಯಿ: ಮಗಳಿಗೆ ಸ್ವಲ್ಪ ಅಸ್ತಮಾ ಇದೆ ಸರ್. ವಿಮೆ ಫಾರ್ಮಿನಲ್ಲಿ ಬರೆಯದಿದ್ದರೆ ನಡೆಯುತ್ತದೆ ಅಂದರು ಯಾರೋ.

ಉತ್ತರ: ಬೇಡವೇ ಬೇಡ ಮೇಡಂ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸುತ್ತಾರೆ. ಹಳೆಯ ಕಾಯಿಲೆಗೂ ರಕ್ಷಣೆ ಕೊಡುವ ಪಾಲಿಸಿ ಕೇಳಿ, ಪ್ರೀಮಿಯಂ ಜಾಸ್ತಿಯಾದರೂ ಅದನ್ನೇ ಮಾಡಿಸಿ. ಇನ್‌ಹೇಲರ್ ಎರಡಿರಲಿ, ಎರಡೂ ಕೈಚೀಲದಲ್ಲಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿರಲಿ.